ಟರ್ಮಿನಲ್ ಬರಹಕ್ಕೆ ಬಣ್ಣ ಬಂದ ಬಗೆ

ಅಕ್ಷರಗಳ ಮೂಲಕವೇ ಗಣಕಯಂತ್ರದೊಡನೆ ವ್ಯವಹರಿಸುವ ಸಾಧನಕ್ಕೆ ಟರ್ಮಿನಲ್ ಎಂದು ಹೆಸರು. ಅದರ ತೆರೆಯ ಮೇಲೆ ತಪ್ಪನ್ನು ಕೆಂಪಿನಲ್ಲಿಯೂ ಎಚ್ಚರಿಕೆಯನ್ನು ಹಳದಿಯಲ್ಲಿಯೂ ತೋರಿಸುವುದು ಇಂದು ವಾಡಿಕೆಯಾಗಿದೆ. ಇದನ್ನು ಬರಿಯ ಅಲಂಕಾರವೆಂದು ಭಾವಿಸುವವರುಂಟು. ಆದರೆ ಇದರ ಚರಿತ್ರೆಯನ್ನು ಪರಿಶೀಲಿಸಿದಾಗ ಗಹನವಾದ ಪ್ರಶ್ನೆಯೊಂದು ಎದುರಾಗುತ್ತದೆ. ಓದಬೇಕಾದ ಮಾತೂ ಅದನ್ನು ತೋರಿಸಬೇಕಾದ ರೀತಿಯನ್ನು ತಿಳಿಸುವ ಆಜ್ಞೆಯೂ ಒಂದೇ ಪ್ರವಾಹದಲ್ಲಿ ಹರಿದು ಬರುವಾಗ, ಒಂದನ್ನು ಮತ್ತೊಂದರಿಂದ ಬೇರ್ಪಡಿಸುವುದು ಹೇಗೆ? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಗಣಕಯಂತ್ರಗಳಿಗೆ ಮೊದಲು ಜೋಡಿಸಿದ ಟರ್ಮಿನಲ್‌ಗಳು ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್ ಮೊದಲಾದ ಯಂತ್ರಗಳಾಗಿದ್ದುವು. ಬೆರಳಚ್ಚುಗಾರನು ಮಾಡುವಂತೆಯೇ, ಒಂದು ಸ್ಥಾನ ಹಿಂದಕ್ಕೆ ಸರಿದು ಅಕ್ಷರದ ಕೆಳಗೆ ಗೆರೆಯೊತ್ತಿದರೆ ಅಡಿಗೆರೆಯೂ, ಅದೇ ಅಕ್ಷರವನ್ನು ಮತ್ತೊಮ್ಮೆ ಒತ್ತಿದರೆ ದಪ್ಪ ಅಕ್ಷರವೂ ಸಿದ್ಧವಾಗುತ್ತಿದ್ದುವು. ೧೯೬೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ ೧೨೮ ಸ್ಥಾನಗಳಿದ್ದುವು. ಮುಂದೆ ಸ್ಥಿರಗೊಂಡ ಅದರ ರೂಪದಲ್ಲಿ ೨೭ನೆಯ ಸಂಖ್ಯೆ ‘ಎಸ್ಕೇಪ್’ ಎಂಬುದಕ್ಕೆ ಮೀಸಲಾಯಿತು. ಬಾಬ್ ಬೀಮರ್ ಅವರು ಪ್ರತಿಪಾದಿಸಿದ ಈ ಸಂಕೇತದ ತಾತ್ಪರ್ಯವಿಷ್ಟು: ಇದನ್ನು ಅನುಸರಿಸಿ ಬರುವುದನ್ನು ಸಾಮಾನ್ಯ ಅಕ್ಷರವೆಂದು ಗ್ರಹಿಸಕೂಡದು. ಆದರೆ ಅದನ್ನು ಏನೆಂದು ಗ್ರಹಿಸಬೇಕೆಂಬುದನ್ನು ಆ ಪಟ್ಟಿ ನಿರ್ಧರಿಸಲಿಲ್ಲ.

ಅನಂತರ ಕಾಗದದ ಸ್ಥಾನವನ್ನು ಗಾಜಿನ ತೆರೆ ಆಕ್ರಮಿಸಿತು. ಒಬ್ಬೊಬ್ಬ ತಯಾರಕನೂ ತನ್ನದೇ ಆದ ಆಜ್ಞೆಗಳನ್ನು ಕಲ್ಪಿಸಿದುದರಿಂದ, ಒಂದು ತೆರೆಗಾಗಿ ಬರೆದ ಕಾರ್ಯಕ್ರಮ ಮತ್ತೊಂದರಲ್ಲಿ ಕೆಡುತ್ತಿತ್ತು. ಈ ಗೊಂದಲಕ್ಕೆ ಎರಡು ಪರಿಹಾರಗಳು ಹುಟ್ಟಿದುವು. ಮೊದಲನೆಯದು, ೧೯೭೮ರ ಸುಮಾರಿಗೆ ಬರ್ಕ್ಲಿಯಲ್ಲಿ ಬಿಲ್ ಜಾಯ್ ಅವರು ರೂಪಿಸಿದ ‘ಟರ್ಮ್‌ಕ್ಯಾಪ್’. ಇದು ಬೇರೆಬೇರೆ ಟರ್ಮಿನಲ್‌ಗಳ ಆಜ್ಞೆಗಳನ್ನು ಒಟ್ಟುಗೂಡಿಸಿದ ನಿಘಂಟಿನಂತಹುದು. ಎರಡನೆಯದು, ಎಲ್ಲ ಯಂತ್ರಗಳಿಗೂ ಒಂದೇ ಭಾಷೆಯನ್ನು ವಿಧಿಸುವ ಪ್ರಯತ್ನ. ಯುರೋಪಿನ ಗಣಕಯಂತ್ರ ತಯಾರಕರ ಸಂಘದ ‘ಇಸಿಎಂಎ-೪೮’ ೧೯೭೬ರಲ್ಲಿಯೂ, ಅಮೆರಿಕದ ‘ಎಕ್ಸ್೩.೬೪’ ೧೯೭೯ರಲ್ಲಿಯೂ ಹೊರಬಂದುವು. ೧೯೭೮ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯು ಮಾರುಕಟ್ಟೆಗೆ ತಂದ ‘ವಿಟಿ೧೦೦’ ಈ ಕ್ರಮವನ್ನು ಜನಪ್ರಿಯಗೊಳಿಸಿತು. ಎಸ್ಕೇಪ್, ಎಡಗಡೆಯ ಚೌಕ ಕಂಸ, ಒಂದೆರಡು ಅಂಕಿಗಳು, ಕೊನೆಗೆ ‘ಎಮ್’ ಎಂಬ ರೋಮನ್ ಸಣ್ಣಕ್ಷರ: ಇದೇ ಆ ಆಜ್ಞೆಯ ಆಕಾರ. ಅಂಕಿ ೧ ಆದರೆ ದಪ್ಪ ಅಕ್ಷರ, ೪ ಆದರೆ ಅಡಿಗೆರೆ, ೭ ಆದರೆ ಅಕ್ಷರ ಹಿನ್ನೆಲೆಗಳ ಅದಲುಬದಲು. ೦ ಆದರೆ ಎಲ್ಲವೂ ರದ್ದು.

ವಿಟಿ೧೦೦ ಏಕವರ್ಣದ ಯಂತ್ರ. ಆದರೂ ಅದೇ ಚೌಕಟ್ಟಿನಲ್ಲಿ ಬಣ್ಣಗಳಿಗೆ ಅವಕಾಶ ದೊರೆಯಿತು. ೩೦ರಿಂದ ೩೭ರವರೆಗಿನ ಸಂಖ್ಯೆಗಳು ಅಕ್ಷರದ ಬಣ್ಣಕ್ಕೂ, ೪೦ರಿಂದ ೪೭ರವರೆಗಿನವು ಹಿನ್ನೆಲೆಯ ಬಣ್ಣಕ್ಕೂ ಸಂದುವು. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳಲ್ಲಿ ಒಂದೊಂದೂ ಉರಿಯಬಹುದು ಇಲ್ಲವೆ ಆರಿರಬಹುದಾದುದರಿಂದ ಒಟ್ಟು ಎಂಟು ಬಣ್ಣಗಳು. ಗಮನಿಸತಕ್ಕ ಸಂಗತಿಯೆಂದರೆ, ಈ ನಿಯಮ ಬಣ್ಣದ ಹೆಸರನ್ನು ಹೇಳಿತೇ ಹೊರತು ಛಾಯೆಯನ್ನು ಗೊತ್ತುಪಡಿಸಲಿಲ್ಲ. ಐಬಿಎಂ ಸಂಸ್ಥೆಯ ೧೯೮೧ರ ವರ್ಣವ್ಯವಸ್ಥೆಗೆಂದು ಅದು ಒದಗಿಸಿದ ತೆರೆಯಲ್ಲಿ ಮಂದ ಹಳದಿ ಕಂದಾಗಿ ಕಾಣಿಸುತ್ತಿತ್ತು. ದಪ್ಪ ಅಕ್ಷರದ ಅಂಕಿಯನ್ನು ಅನೇಕ ಯಂತ್ರಗಳು ಬಣ್ಣವನ್ನು ಉಜ್ವಲಗೊಳಿಸಲು ಬಳಸಿದುದರಿಂದ ಎಂಟು ಹದಿನಾರಾಯಿತು. ೧೯೯೯ರಲ್ಲಿ ‘ಎಕ್ಸ್‌ಟರ್ಮ್’ ೨೫೬ ಬಣ್ಣಗಳನ್ನು ಪಡೆಯಿತು: ಹಳೆಯ ೧೬, ಆರರ ಘನವಾದ ೨೧೬, ಬೂದುಬಣ್ಣದ ೨೪ ಮೆಟ್ಟಿಲುಗಳು. ಒಂದೊಂದು ಬೆಳಕಿಗೂ ೨೫೬ ಹಂತಗಳನ್ನು ಕೊಡುವ ಪದ್ಧತಿಯಲ್ಲಿ ಈ ಸಂಖ್ಯೆ ೧,೬೭,೭೭,೨೧೬ಕ್ಕೆ ಏರುತ್ತದೆ.

ಬಣ್ಣಗಳು ಹೆಚ್ಚಿದರೂ ಮೂಲದ ತೊಡಕು ನೀಗಲಿಲ್ಲ. ಕಾರ್ಯಕ್ರಮದ ಫಲಿತಾಂಶವನ್ನು ತೆರೆಯ ಬದಲು ಕಡತಕ್ಕೆ ಕಳುಹಿಸಿದರೆ, ಆಜ್ಞೆಗಳು ಬರಹದ ನಡುವೆ ಅರ್ಥಹೀನ ಚಿಹ್ನೆಗಳಾಗಿ ಉಳಿಯುತ್ತವೆ. ಆದುದರಿಂದಲೇ ವಿವೇಕದಿಂದ ರಚಿತವಾದ ಕಾರ್ಯಕ್ರಮ, ತನ್ನ ಮಾತು ಟರ್ಮಿನಲ್‌ಗೆ ಹೋಗುತ್ತಿದೆಯೇ ಎಂದು ಮೊದಲು ವಿಚಾರಿಸಿ, ಇಲ್ಲವೆಂದಾದರೆ ಬಣ್ಣವನ್ನು ಕೈಬಿಡುತ್ತದೆ. ಬಣ್ಣ ಬೇಡವೆಂದು ಬಳಕೆದಾರನು ಮುಂದಾಗಿಯೇ ಸೂಚಿಸುವ ‘ನೋ ಕಲರ್’ ಎಂಬ ಒಡಂಬಡಿಕೆ ೧೯೧೭ರಲ್ಲಲ್ಲ, ತೀರ ಈಚೆಗೆ, ೨೦೧೭ರಲ್ಲಿ ರೂಪುಗೊಂಡಿತು. ಇದಕ್ಕಿಂತ ದೊಡ್ಡ ಅಪಾಯವೂ ಒಂದುಂಟು. ಪರರಿಂದ ಬಂದ ಬರಹದಲ್ಲಿ ಅಡಗಿರುವ ಎಸ್ಕೇಪ್ ಆಜ್ಞೆಯು ತೆರೆಯ ಮೇಲಿನ ಸಾಲನ್ನು ಅಳಿಸಿ ಓದುಗನನ್ನು ವಂಚಿಸಬಲ್ಲುದು. ಅಂತಹ ಬರಹವನ್ನು ಶೋಧಿಸದೆ ತೋರಿಸಲಾಗದು.

ಟೆಲಿಟೈಪ್ ಕಣ್ಮರೆಯಾದರೂ ಅದರ ಕಾಲದ ೨೭ನೆಯ ಸಂಕೇತ ಇಂದಿಗೂ ಬಳಕೆಯಲ್ಲಿದೆ. ಮಾತು, ಆಜ್ಞೆ ಒಂದೇ ದಾರಿಯಲ್ಲಿ ಬಂದರೂ ಬೇರ್ಪಡಿಸಲು ಸಾಧ್ಯವಾಗಿರುವುದೇ ಅದರ ದೀರ್ಘಾಯುಷ್ಯಕ್ಕೆ ಕಾರಣವೆಂದು ತೋರುತ್ತದೆ. ಕೆಂಪು ಹಸಿರುಗಳ ಭೇದವನ್ನು ಗುರುತಿಸಲಾರದ ಕಣ್ಣುಗಳೂ ಉಂಟೆಂಬುದನ್ನು ಇಲ್ಲಿ ನೆನೆಯಬೇಕು. ಕಾರ್ಯಕ್ರಮ ರಚನೆಯನ್ನು ಅಭ್ಯಸಿಸುವ ವಿದ್ಯಾರ್ಥಿಯು ತಪ್ಪನ್ನು ಕೆಂಪಿನಲ್ಲಿ ತೋರಿಸಲಿ. ಜೊತೆಗೆ ‘ತಪ್ಪು’ ಎಂಬ ಪದವನ್ನೂ ಬರೆಯಲಿ.