ಮಣ್ಣನ್ನು ಮೇಲಕ್ಕೆಸೆದ ಬೆಟ್ಟದ ಜನ

ಕೀನ್ಯಾ ದೇಶದ ರಾಜಧಾನಿ ನೈರೋಬಿಯಿಂದ ಆಗ್ನೇಯಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ಮಚಾಕೋಸ್ ಬೆಟ್ಟಗಳಿವೆ. ಅಕಾಂಬಾ ಜನರ ನಾಡು ಅದು. ವರ್ಷಕ್ಕೆರಡು ಮಳೆಗಾಲ, ಆದರೆ ಎರಡನ್ನೂ ನಂಬುವಂತಿಲ್ಲ. ಬಂದರೆ ಒಂದೇ ಬಾರಿಗೆ ಧೋ ಎಂದು ಸುರಿದು ಇಳಿಜಾರಿನ ಮಣ್ಣನ್ನೆಲ್ಲ ಹೊತ್ತೊಯ್ಯುತ್ತದೆ. 1937ರಲ್ಲಿ ಬ್ರಿಟಿಷ್ ವಸಾಹತು ಸರ್ಕಾರದ ಮಣ್ಣು ಸಂರಕ್ಷಣಾಧಿಕಾರಿ ಕಾಲಿನ್ ಮಾಹೆರ್ ಈ ಪ್ರದೇಶವನ್ನು ನೋಡಿ ಒಂದು ವರದಿ ಬರೆದ. ಜಿಲ್ಲೆ ಮರುಭೂಮಿಯಾಗುವ ಹಾದಿಯಲ್ಲಿದೆ, ಜನ ತೀರದ ಬಡತನಕ್ಕೆ ಇಳಿಯುತ್ತಿದ್ದಾರೆ ಎಂಬುದು ಅದರ ಸಾರ. ಆ ಕಾಲದ ಛಾಯಾಚಿತ್ರಗಳನ್ನು ನೋಡಿದರೆ ಅವನು ಕಂಡದ್ದು ಸುಳ್ಳಲ್ಲ ಎನಿಸುತ್ತದೆ. ಬೋಳು ಗುಡ್ಡಗಳು, ಆಳವಾದ ಕೊರಕಲುಗಳು, ಅಲ್ಲೊಂದು ಇಲ್ಲೊಂದು ಮರ.

ಕಂಡದ್ದು ಸರಿ; ಕಾರಣ ಹುಡುಕಿದ ರೀತಿ ಮಾತ್ರ ಅರ್ಧಂಬರ್ಧ. ಅಕಾಂಬಾ ಜನ ಮಿತಿಮೀರಿ ದನ ಸಾಕುತ್ತಾರೆ, ಅದಕ್ಕೇ ನೆಲ ಹಾಳಾಗಿದೆ ಎಂದು ಸರ್ಕಾರ ತೀರ್ಮಾನಿಸಿತು. ಮುವಾ ಬೆಟ್ಟದಂಥ ಒಳ್ಳೆಯ ನೆಲ ಬಿಳಿಯ ವಲಸಿಗರ ಪಾಲಾಗಿತ್ತು. ಯಾಟ್ಟಾ ಪ್ರಸ್ಥಭೂಮಿಯ ಹುಲ್ಲುಗಾವಲಿಗೂ ನಿರ್ಬಂಧವಿತ್ತು. ಉಳಿದ ಮೀಸಲು ಪ್ರದೇಶದೊಳಗೆ ಜನ, ದನ ಎರಡೂ ಕಿಕ್ಕಿರಿದಿದ್ದವು. ಈ ಸಂಗತಿಗೆ ಸರ್ಕಾರದ ಲೆಕ್ಕದಲ್ಲಿ ಜಾಗ ಸಿಗಲಿಲ್ಲ.

1938ರಲ್ಲಿ ದನಗಳನ್ನು ಬಲವಂತವಾಗಿ ವಶಪಡಿಸಿಕೊಂಡು ಮಾರುವ ಕೆಲಸ ಆರಂಭವಾಯಿತು. ಅಕಾಂಬಾ ಕುಟುಂಬಕ್ಕೆ ದನವೆಂದರೆ ಹಾಲು, ಗೊಬ್ಬರ ಮಾತ್ರವಲ್ಲ; ಬರಗಾಲದ ಠೇವಣಿ, ಮಗನ ಮದುವೆಗೆ ಕೊಡುವ ವಧುದಕ್ಷಿಣೆ. ಹೆಂಗಸರು, ಮಕ್ಕಳು ಸೇರಿದಂತೆ ಸಾವಿರಕ್ಕೂ ಮಿಕ್ಕ ಜನ ಮುಯಿಂಡಿ ಎಂಬಿಂಗು ಎಂಬಾತನ ಮುಂದಾಳತ್ವದಲ್ಲಿ ನೈರೋಬಿಗೆ ಹೋಗಿ, ಗವರ್ನರರನ್ನು ಕಾಣದೆ ಮರಳುವುದಿಲ್ಲವೆಂದು ವಾರಗಟ್ಟಲೆ ಅಲ್ಲಿಯೇ ಬೀಡುಬಿಟ್ಟರು. ಎಂಬಿಂಗುವನ್ನು ಸರ್ಕಾರ ಕರಾವಳಿಯ ಲಾಮುವಿಗೆ ಗಡೀಪಾರು ಮಾಡಿತು. ಆದರೆ ಬಲವಂತದ ದನ ಮಾರಾಟವನ್ನೂ ಕೈಬಿಡಬೇಕಾಯಿತು.

ಆಮೇಲೆ ಬಂದದ್ದು ಬದುಗಳ ಸರದಿ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಇಳಿಜಾರಿನಲ್ಲಿ ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದರ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ನೀರಿನ ಓಟವನ್ನು ಅಲ್ಲಲ್ಲಿ ತಡೆದು ನಿಲ್ಲಿಸುವುದೇ ಉಪಾಯ. ಸರ್ಕಾರ ಮೊದಲು ಹೇಳಿಕೊಟ್ಟದ್ದು ಸಮಪಾತಳಿಯ ಗೆರೆಯಲ್ಲಿ ಕಾಲುವೆ ತೋಡಿ ಮಣ್ಣನ್ನು ಕೆಳಗಡೆಗೆ ಎಸೆಯುವ ಕ್ರಮ. ಇದು ಬೇಗ ಮುಗಿಯುತ್ತದೆ, ವರದಿಯಲ್ಲಿ ಮೈಲಿಗಳ ಲೆಕ್ಕ ತೋರಿಸಲು ಅನುಕೂಲ. ಆದರೆ ಕಾಲುವೆ ಬೇಗ ಹೂಳು ತುಂಬುತ್ತದೆ, ಬದು ಒಡೆಯುತ್ತದೆ. ಬಿಟ್ಟಿ ದುಡಿಮೆಯಿಂದ ಕಟ್ಟಿಸಿದ ಇಂಥ ಬದುಗಳನ್ನು ಜನ ದ್ವೇಷಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಕ್ರಮಕ್ಕೆ ಸ್ವಾಹಿಲಿ ಭಾಷೆಯಲ್ಲಿ ‘ಫಾನ್ಯಾ ಜೂ’ ಎಂದು ಹೆಸರು. ಮೇಲಕ್ಕೆ ಮಾಡು ಎಂದರ್ಥ. ಸುಮಾರು 60 ಸೆಂಟಿಮೀಟರ್ ಅಗಲ, ಅಷ್ಟೇ ಆಳದ ಕಾಲುವೆ ತೋಡಿ ಮಣ್ಣನ್ನು ಇಳಿಜಾರಿನ ಮೇಲ್ಬದಿಗೆ ಎಸೆಯುವುದು. ಶ್ರಮ ಹೆಚ್ಚು, ಸೊಂಟ ಮುರಿಯುವ ಕೆಲಸ. ಆದರೆ ಮೇಲಿನಿಂದ ಕೊಚ್ಚಿ ಬಂದ ಮಣ್ಣು ಬದುವಿನ ಹಿಂದೆ ನಿಲ್ಲುತ್ತದೆ; ವರ್ಷದಿಂದ ವರ್ಷಕ್ಕೆ ಇಳಿಜಾರು ತಾನಾಗಿಯೇ ಮೆಟ್ಟಿಲಾಗುತ್ತದೆ. ಬದುವಿನ ಮೇಲೆ ಹುಲ್ಲು ನೆಟ್ಟರೆ ಬೇರು ಮಣ್ಣನ್ನು ಹಿಡಿಯುತ್ತದೆ, ದನಕ್ಕೆ ಮೇವೂ ಆಯಿತು. ಕಾಲುವೆಯಲ್ಲಿ ನಿಂತ ನೀರಿಗೆ ಬಾಳೆ, ಪರಂಗಿ ಬೆಳೆಯುತ್ತವೆ. ನೆಲವನ್ನು ಉಳಿಸುವ ಉಪಾಯ ಬೆಳೆ ಕೊಡುವ ಉಪಾಯವೂ ಆದಾಗ ಅದನ್ನು ಹೇರಬೇಕಾಗಲಿಲ್ಲ.

1950ರ ದಶಕದಲ್ಲಿ ಆಫ್ರಿಕನ್ ರೈತರಿಗೂ ಕಾಫಿ ಬೆಳೆಯಲು ಇಲ್ಲಿ ಅನುಮತಿ ಸಿಕ್ಕಿತು. ಮೆಟ್ಟಿಲು ಹೊಲವಿದ್ದವರಿಗಷ್ಟೇ ಆ ಪರವಾನಗಿ. ನೈರೋಬಿಯ ಮಾರುಕಟ್ಟೆಗೆ ತರಕಾರಿ, ಹಣ್ಣು ಹೋಗತೊಡಗಿತು. ಬದು ಕಟ್ಟುವ ಕೆಲಸವನ್ನು ‘ಎಂವೆಥ್ಯಾ’ ಎಂಬ ಗುಂಪುಗಳು ನಡೆಸಿದವು. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ: ಇಂದು ನಿನ್ನ ಹೊಲ, ನಾಳೆ ನನ್ನದು. ಗಂಡಸರು ಕೂಲಿಗೆ, ನೌಕರಿಗೆ ಪಟ್ಟಣ ಸೇರಿದ್ದರಿಂದ ಗುಂಪುಗಳಲ್ಲಿ ಹೆಚ್ಚಿನವರು ಹೆಂಗಸರೇ. ಇತಿಹಾಸದ ಪುಸ್ತಕಗಳಲ್ಲಿ ಅಧಿಕಾರಿಗಳ ಹೆಸರುಗಳಿವೆ. ಗುದ್ದಲಿ ಹಿಡಿದ ಈ ಹೆಂಗಸರ ಹೆಸರುಗಳಿಲ್ಲ. ಬೇಗ ಮಾಗಿ ಬರಗಾಲದಿಂದ ತಪ್ಪಿಸಿಕೊಳ್ಳುವ ‘ಕಟುಮಾನಿ’ ಮೆಕ್ಕೆಜೋಳ 1960ರ ದಶಕದಲ್ಲಿ ಬಂತು. ಅದನ್ನು ಅಭಿವೃದ್ಧಿಪಡಿಸಿದ ಸಂಶೋಧನಾ ಕೇಂದ್ರ ಮಚಾಕೋಸ್‌ನಲ್ಲಿಯೇ ಇತ್ತು. 1974ರಿಂದ ಸ್ವೀಡನ್ ದೇಶದ ನೆರವೂ ಮಣ್ಣು ಸಂರಕ್ಷಣೆಗೆ ದೊರೆಯಿತು.

ಹಾಗೆಂದು ಮೆಟ್ಟಿಲು ಹೊಲವೇ ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು. ನೆರೆಯ ಟ್ಯಾಂಗನೀಕಾದ (ಇಂದಿನ ಟಾನ್ಜಾನಿಯಾ) ಉಲುಗುರು ಬೆಟ್ಟಗಳಲ್ಲಿ ಬ್ರಿಟಿಷರು ಇದನ್ನೇ ಕಡ್ಡಾಯ ಮಾಡಿದರು. ಅಲ್ಲಿ ಫಲವತ್ತಾದ ಮೇಲ್ಮಣ್ಣಿನ ಪದರ ತೀರ ತೆಳು. ಮೆಟ್ಟಿಲು ಕಡಿದಾಗ ಅದು ಹೂತುಹೋಗಿ ಸಾರವಿಲ್ಲದ ಒಳಮಣ್ಣು ಮೇಲೆ ಬಂತು, ಬೆಳೆ ಕೈಕೊಟ್ಟಿತು. 1955ರಲ್ಲಿ ಜನ ದಂಗೆಯೆದ್ದರು, ಯೋಜನೆ ನಿಂತುಹೋಯಿತು.

ಮಚಾಕೋಸ್‌ನ ಜನಸಂಖ್ಯೆ 1930ರ ದಶಕದ ಆರಂಭದಲ್ಲಿ ಸುಮಾರು 2.4 ಲಕ್ಷ, 1989ರಲ್ಲಿ ಸುಮಾರು 14 ಲಕ್ಷ. ಮಾಹೆರ್‌ನ ತರ್ಕದಂತೆ ಅಲ್ಲಿ ಬಂಡೆಯಲ್ಲದೆ ಬೇರೇನೂ ಉಳಿಯಬಾರದಿತ್ತು. ಮೇರಿ ಟಿಫೆನ್, ಮೈಕೆಲ್ ಮಾರ್ಟಿಮೋರ್, ಫ್ರಾನ್ಸಿಸ್ ಗಿಚುಕಿ ಎಂಬ ಮೂವರು ಸಂಶೋಧಕರು ಹಳೆಯ ಛಾಯಾಚಿತ್ರಗಳನ್ನು ಹಿಡಿದು ಅದೇ ಜಾಗಗಳಿಗೆ ಹೋಗಿ ಮತ್ತೆ ಚಿತ್ರ ತೆಗೆಸಿದರು. ವೈಮಾನಿಕ ಚಿತ್ರಗಳನ್ನೂ ಹೋಲಿಸಿದರು. ಬೋಳಾಗಿದ್ದ ಗುಡ್ಡಗಳಲ್ಲಿ ಮೆಟ್ಟಿಲುಗಳು, ಮರಗಳು ಕಂಡವು. ತಲಾ ಕೃಷಿ ಉತ್ಪನ್ನದ ಮೌಲ್ಯ ಸುಮಾರು ಮೂರು ಪಟ್ಟಾಗಿತ್ತು. 1994ರಲ್ಲಿ ಅವರ ಪುಸ್ತಕ ಹೊರಬಂತು. ಜನ ಹೆಚ್ಚಿದಂತೆ ಭೂಮಿ ಸೊರಗುತ್ತದೆಂಬ ಮಾಲ್ಥಸ್‌ನ ವಾದಕ್ಕಿಂತ, ಒತ್ತಡವೇ ಹೊಸ ಬೇಸಾಯಕ್ಕೆ ದಾರಿ ಮಾಡುತ್ತದೆಂದು 1965ರಲ್ಲಿ ಬರೆದ ಎಸ್ತರ್ ಬೋಸ್ರಪ್‌ರ ವಾದಕ್ಕೆ ಇದು ಹತ್ತಿರವಾಗಿತ್ತು.

ಪುಸ್ತಕಕ್ಕೆ ಆಕ್ಷೇಪಣೆಗಳೂ ಬಂದವು, ಅವುಗಳಲ್ಲಿ ಹುರುಳಿದೆ. ನೈರೋಬಿ ಅಷ್ಟು ಹತ್ತಿರವಿಲ್ಲದಿದ್ದರೆ ಹೀಗಾಗುತ್ತಿತ್ತೇ? ಸರಾಸರಿ ಎಂಬುದು ಯಾರ ಸರಾಸರಿ? ನಂತರದ ಅಧ್ಯಯನಗಳು ಹಳ್ಳಿಯೊಳಗೆ ಮನೆಮನೆಗೂ ಹೋಗಿ ನೋಡಿದವು. ಪಟ್ಟಣದಲ್ಲಿ ನೌಕರಿಯಲ್ಲಿದ್ದ ಮಗನಿಂದ ಹಣ ಬರುವ ಮನೆ ಆಳು ಹಿಡಿಯುತ್ತದೆ, ಗೊಬ್ಬರ ಹಾಕುತ್ತದೆ. ಅಂಥ ಆದಾಯವಿಲ್ಲದ ಮನೆಯ ಹೆಂಗಸು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗಿ, ತನ್ನ ತುಂಡು ನೆಲಕ್ಕೆ ಬಿತ್ತನೆ ತಡ ಮಾಡುತ್ತಾಳೆ. ಅವಳ ಹೊಲದಲ್ಲೂ ಬದು ಇರಬಹುದು. ಆದರೆ ಬದು ಹಿಡಿದಿಟ್ಟ ಮಣ್ಣಿನಲ್ಲಿ ಸಾರಜನಕ ಎಷ್ಟು ಉಳಿದಿದೆ ಎಂಬುದು ಆಕಾಶದಿಂದ ತೆಗೆದ ಚಿತ್ರದಲ್ಲಿ ಕಾಣುವುದಿಲ್ಲ.