ಹಿಡಿಯುವ ಕಾಲ, ಬಾಳುವ ಕಾಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗಳಲ್ಲಿ ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ಕೂಡಿಡುವ ಪದ್ಧತಿಯು ವಾಚಕರಿಗೆ ತಿಳಿದೇ ಇದೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆಕೊಬ್ಬರಿಯಾಗುವುದಕ್ಕೆ 8ರಿಂದ 12 ತಿಂಗಳು ಹಿಡಿಯುತ್ತದೆ. ಹಾಗಾದ ಕೊಬ್ಬರಿಯು ತೇವವಿಲ್ಲದ ಕಡೆಯಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ. ಹಿಡಿ, ಬಾಳು ಎಂಬ ಈ ಧಾತುಗಳನ್ನು ಅದಲುಬದಲಾಗಿ ಆಡುವವರು ನಮ್ಮಲ್ಲಿಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ‘ಟೇಕ್’, ‘ಲಾಸ್ಟ್’ ಎಂಬೆರಡು ಕ್ರಿಯಾಪದಗಳ ನಡುವೆ ತಡವರಿಸುವವರು ಅನೇಕರುಂಟು. ಇದರಿಂದಾಗುವ ಹಾನಿ ಅಲ್ಪವಲ್ಲ. ಸರಕು ಒಂದು ವರ್ಷ ‘ಟೇಕ್’ ಮಾಡುವುದೆಂದು ವರ್ತಕನು ಬರೆದರೆ, ಕೊಳ್ಳುವವನು ವರ್ಷವಿಡೀ ಕಾಯಬೇಕೆಂದರ್ಥ. ‘ಲಾಸ್ಟ್’ ಆಗುವುದೆಂದು ಬರೆದರೆ, ಕೊಂಡು ವರ್ಷವಿಡೀ ಇಟ್ಟುಕೊಳ್ಳಬಹುದೆಂದರ್ಥ.

ಈ ಭೇದದ ಬೇರು ಆ ಪದಗಳ ಚರಿತ್ರೆಯಲ್ಲಿದೆ. ‘ಟೇಕ್’ ಎಂಬುದು ಇಂಗ್ಲಿಷಿಗೆ ಹೊರಗಿನಿಂದ ಬಂದ ಪದ. 9 ಮತ್ತು 10ನೆಯ ಶತಮಾನಗಳಲ್ಲಿ ಕಡಲನ್ನು ದಾಟಿ ಬಂದು ಇಂಗ್ಲೆಂಡಿನಲ್ಲಿ ನೆಲಸಿದ ಸ್ಕಾಂಡಿನೇವಿಯದ ಜನರ ‘ತಾಕ’ ಎಂಬ ಧಾತುವೇ ಅದರ ಮೂಲ. 1100ರ ಸುಮಾರಿಗೆ ಅದು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡು, ಆ ನಾಡಿನ ಹಳೆಯ ‘ನಿಮನ್’ ಪದವನ್ನು ಕ್ರಮೇಣ ಮೂಲೆಗೊತ್ತಿತು. ಅದರ ಅರ್ಥ ಕೈಯಿಂದ ಹಿಡಿಯುವುದು. ‘ಲಾಸ್ಟ್’ ಎಂಬುದಾದರೋ ಇಂಗ್ಲಿಷಿನ ಸ್ವಂತ ಸೊತ್ತು. ಹೆಜ್ಜೆಯ ಗುರುತು ಎಂಬ ನಾಮಪದದಿಂದ ಜಾಡಿನಲ್ಲಿ ನಡೆ, ಅಲ್ಲಿಂದ ಮುಂದುವರಿ ಎಂಬ ಅರ್ಥಗಳು ಹುಟ್ಟಿದುವು. ಮೋಚಿಯು ಜೋಡು ಹೊಲಿಯುವ ಕಾಲಚ್ಚಿಗೂ ಆ ಭಾಷೆಯಲ್ಲಿ ಇದೇ ಹೆಸರು. ‘ಕಡೆಯ’ ಎಂಬರ್ಥದ ‘ಲಾಸ್ಟ್’ ಮಾತ್ರ ಬೇರೆ ಮೂಲದ್ದು.

ಹೀಗೆ ಒಂದು ಕೈಯ ಮಾತು, ಇನ್ನೊಂದು ಕಾಲಿನ ಮಾತು. ಕನ್ನಡದಲ್ಲಿಯೂ ಹಾಗೆಯೇ ಅಲ್ಲವೆ? ಹಳಗನ್ನಡದ ‘ಪಿಡಿ’ಯಿಂದ ಬಂದ ‘ಹಿಡಿ’ ಕೈಯದು; ಸಂತೆಯು ಸಂಜೆಯವರೆಗೆ ನಡೆಯಿತು ಎಂಬಲ್ಲಿನ ‘ನಡೆ’ ಕಾಲಿನದು. ಯಾವ ನೆಂಟಸ್ತಿಕೆಯೂ ಇಲ್ಲದ ಎರಡು ಭಾಷೆಗಳು ಕಾಲವನ್ನು ಅಳೆಯಲು ಒಂದೇ ಉಪಾಯವನ್ನು ಕಂಡುಕೊಂಡಿವೆ. ಕೆಲಸವು ಕೊನೆಗಾಣಲು ತಗಲುವ ಕಾಲಕ್ಕೆ ‘ಟೇಕ್’; ವಸ್ತುವಾಗಲಿ ಕಾರ್ಯವಾಗಲಿ ಉಳಿದು ನಡೆಯುವ ಕಾಲಕ್ಕೆ ‘ಲಾಸ್ಟ್’.

ಒಂದೆಡೆ ಮಾತ್ರ ಎಚ್ಚರ ಬೇಕು. ನಮ್ಮ ‘ಬಾಳು’ ಜೀವವಿರುವುದಕ್ಕೂ ಇಲ್ಲದುದಕ್ಕೂ ಸಲ್ಲುತ್ತದೆ. ತೆಂಗಿನ ಮರ 60 ವರ್ಷಕ್ಕೂ ಮೇಲ್ಪಟ್ಟು ಬಾಳುತ್ತದೆ. ಅದನ್ನು ಕಡಿದು ಮಾಡಿದ ತೊಲೆಯೂ ಬಾಳುತ್ತದೆ. ಇಂಗ್ಲಿಷಿನಲ್ಲಿ ಮರಕ್ಕೆ ‘ಲಿವ್’, ತೊಲೆಗೆ ‘ಲಾಸ್ಟ್’.

ತುರುವೇಕೆರೆ ಸೀಮೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷನ್ನು ಬೋಧಿಸುತ್ತಲೇ ಆ ಭಾಷೆಯ ಕವಿತೆಗಳನ್ನು ಕನ್ನಡಕ್ಕೆ ತಂದರು. ಚಿಕ್ಕನಾಯಕನಹಳ್ಳಿ ಸೀಮೆಯ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ಕನ್ನಡದ ವ್ಯಾಕರಣವನ್ನು ವಿದ್ಯಾರ್ಥಿಗಳಿಗೆ ತಿಳಿಯಾಗಿ ಬರೆದುಕೊಟ್ಟರು. ಅಂಥವರ ನಾಡಿನಲ್ಲಿ ಮಕ್ಕಳು ಪರಭಾಷೆಯ ಸೂತ್ರಗಳನ್ನು ಬಾಯಿಪಾಠ ಮಾಡಿ ಮರೆಯಬೇಕಾದುದಿಲ್ಲ. ಮೊದಲು ಮನೆಯ ಅಟ್ಟದ ಮಾತಿನಲ್ಲಿ ವಾಕ್ಯವನ್ನು ಆಡಿ ನೋಡಲಿ. ‘ಹಿಡಿ’ ಎಂದು ಬಂದರೆ ಒಂದು, ‘ನಡೆ’ ‘ಬಾಳು’ ಎಂದು ಬಂದರೆ ಇನ್ನೊಂದು. ತಾಯ್ನುಡಿಯನ್ನು ಬಲ್ಲವನಿಗೆ ಪರನುಡಿಯ ಅರ್ಧ ಪಾಠ ಮನೆಯಲ್ಲಿಯೇ ಆಗಿರುತ್ತದೆ.