ಡ್ರಾಫ್ಟ್, ಆಸ್ಟ್ರೇಲಿಯನ್ ಫುಟ್‌ಬಾಲ್
ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಲೀಗಿನ ತಂಡಗಳು ಹೊಸ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ವಾರ್ಷಿಕ ವ್ಯವಸ್ಥೆ. 1986ರಲ್ಲಿ ಆರಂಭವಾಯಿತು. ಆಯಾ ವರ್ಷದ ಅಂಕಪಟ್ಟಿಯಲ್ಲಿ ಕೊನೆಗುಳಿದ ತಂಡಕ್ಕೆ ಸಾಮಾನ್ಯವಾಗಿ ಮೊದಲ ಸರದಿ. ಹದಿನೆಂಟರ ಆಸುಪಾಸಿನ ಹುಡುಗರ ಓಟ, ಒದೆತ, ಎತ್ತರ, ಒತ್ತಡದಲ್ಲಿ ಚೆಂಡು ಬಿಟ್ಟುಕೊಡದ ಗುಣ ಎಲ್ಲವನ್ನೂ ಅಭಿಮಾನಿಗಳು ತಿಂಗಳುಗಟ್ಟಲೆ ಅಳೆದು, ಯಾರು ಎಷ್ಟನೆಯ ಸರದಿಗೆ ತಕ್ಕವರೆಂದು ವಾದಿಸುತ್ತಾರೆ.

ಈ ಅಂದಾಜು ಎಷ್ಟು ಕಠಿಣವೆಂಬುದಕ್ಕೆ 2001ರ ಡ್ರಾಫ್ಟ್‌ಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಮೊದಲಿಗೆ ಲ್ಯೂಕ್ ಹಾಡ್ಜ್, ಬಳಿಕ ಲ್ಯೂಕ್ ಬಾಲ್, ಮೂರನೆಯವರಾಗಿ ಕ್ರಿಸ್ ಜಡ್ ಆಯ್ಕೆಯಾದರು. ಜಡ್ 2004 ಮತ್ತು 2010ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕ ಗೆದ್ದರು. ಹಾಡ್ಜ್ ನಾಯಕತ್ವದಲ್ಲಿ ಹಾಥಾರ್ನ್ ತಂಡ 2013ರಿಂದ ಸತತ 3 ಬಾರಿ ಚಾಂಪಿಯನ್ ಆಯಿತು. ಅದೇ ಡ್ರಾಫ್ಟ್‌ನಲ್ಲಿ 58ನೆಯವರಾಗಿ ಕಾಲಿಂಗ್‌ವುಡ್ ತಂಡ ಸೇರಿದ ಡೇನ್ ಸ್ವಾನ್ 2011ರಲ್ಲಿ ಬ್ರೌನ್‌ಲೋ ಪಡೆದರು.